ಒಣಭೂಮಿಯ ಆಸೆಗೂ ಒಂದು ಲೆಕ್ಕ ಇದೆ

ಕಡಲೆ ರಾಶಿ ಮುಗಿಯುವ ಹೊತ್ತಿಗೆ ಗದಗ, ರೋಣ, ಮುಂಡರಗಿ ಕಡೆಯ ಎರೆಹೊಲಗಳ ಬದುವಿನ ಮೇಲೆ ಒಂದೇ ಬಗೆಯ ಮಾತು ಕಿವಿಗೆ ಬೀಳುತ್ತಿರುತ್ತದೆ. ಹಾಗೆ ಬಿದ್ದ ಒಂದು ಮಾತುಕತೆ ಬಹಳ ದಿನ ತಲೆಯಲ್ಲಿ ಉಳಿಯಿತು. ಒಬ್ಬರು ವಯಸ್ಸಾದ ರೈತರು, ಹಳೆಯ ಅಣ್ಣಿಗೇರಿ ಕಡಲೆಯನ್ನೇ ಬಿತ್ತುವವರು. ಇನ್ನೊಬ್ಬ ಬಾಜೂ ಹೊಲದ ಹುಡುಗ, ಅವನ ಮನೆಯವರದು ಜೆಜಿ-11 ಅನ್ನುವ ಇನ್ನೊಂದು ತಳಿ. "ಕಾಕಾ, ಈ ಸಲ ನಿಮ್ಮ ಕಡ್ಲಿ ಜೋರ್ ಬಂದಾವಲ್ರಿ" ಅಂದ ಹುಡುಗ. "ನನ್ನ ಬೀಜನ ಹಂಗ ಐತೋ ತಮ್ಮಾ." "ಮತ್ತ ಹ್ವಾದ ವರ್ಷ ಬರ್ಲಿಲ್ಲಲ್ರಿ?" "ಹ್ವಾದ ವರ್ಷ ಮಳಿ ಕೈ ಕೊಡ್ತು. ಅದಕ್ಕ ಬೀಜ ಏನ್ ಮಾಡ್ತೈತಿ?" "ನಮ್ಮ ಹೊಲದಾಗ ಬಂದಿದ್ವಲ್ರಿ, ಅದ ಮಳಿಗೆ." ಕಾಕಾ ತಡ ಮಾಡಲಿಲ್ಲ. "ನಿಮ್ಮಪ್ಪ ಅದರ ಹಿಂದಿನ ವರ್ಷ ಹೊಲದಾಗ ಕುರಿ ನಿಲ್ಲಿಸಿದ್ದನಲ್ಲೋ, ಅದರ ಕಸುವು ಅದು."

ಮೂರು ಪ್ರಶ್ನೆ, ಮೂರು ಉತ್ತರ. ತಾನು ಆರಿಸಿದ್ದು ಫಲ ಕೊಟ್ಟರೆ ಹೆಸರು ಬೀಜಕ್ಕೆ. ತಾನು ಆರಿಸಿದ್ದು ಕೈಕೊಟ್ಟರೆ ದೋಷ ಮಳೆಗೆ. ತಾನು ಆರಿಸದೆ ಬಿಟ್ಟದ್ದು ಫಲ ಕೊಟ್ಟರೆ ಅದು ಕುರಿಗೊಬ್ಬರದ ಪುಣ್ಯ. ಇದನ್ನು ಹಟ ಅಂದು ಬಿಡುವುದು ಸುಲಭ. ಕೃಷಿ ಅಧಿಕಾರಿಗಳ ತರಬೇತಿಗಳಲ್ಲಿ "ರೈತರು ಬದಲಾಗುವುದಿಲ್ಲ" ಅನ್ನುವ ಮಾತಿನ ಹಿಂದೆ ಇರುವುದೂ ಇದೇ ಗ್ರಹಿಕೆ. ಆದರೆ ಫಲ ನೋಡಿ ಕಲಿಯುವ ಬಗೆಯನ್ನು ಪ್ರಯೋಗಾಲಯದಲ್ಲಿ ಅಳೆದವರ ಲೆಕ್ಕ ಬೇರೆ ಮಾತು ಹೇಳುತ್ತದೆ. ಈ ಮೂರು ಉತ್ತರ ಪ್ರಯೋಗಾಲಯಕ್ಕೆ ಬಂದು ಕೂತವರೂ ಕೊಡುತ್ತಾರೆ. ಅಷ್ಟೇ ಅಲ್ಲ, ಕೆಲವು ಕಡೆ ಹೀಗೆ ಒಂದು ಕಡೆ ವಾಲಿ ಕಲಿಯುವವರು ಸಮತೂಕದಿಂದ ಕಲಿಯುವವರಿಗಿಂತ ಹೆಚ್ಚು ಗಳಿಸುತ್ತಾರೆ. ಎಲ್ಲಿ, ಯಾಕೆ, ಎಷ್ಟರ ಮಟ್ಟಿಗೆ ಅನ್ನುವುದನ್ನು ಬಿಡಿಸಿ ನೋಡಬೇಕು.

ಮನಸ್ಸು ಇಟ್ಟುಕೊಳ್ಳುವ ಖಾತೆ

1972ರಲ್ಲಿ ಮನೋವಿಜ್ಞಾನಿಗಳಾದ ರೆಸ್ಕೋರ್ಲಾ ಮತ್ತು ವ್ಯಾಗ್ನರ್ ಕೊಟ್ಟ ಸೂತ್ರದಿಂದ ಶುರುಮಾಡಿದರೆ ಸಾಕು. ನಿಮ್ಮ ನಿರೀಕ್ಷೆ ಒಂದು ಅಂಕಿ. ಕೈಗೆ ಬಂದ ಫಲ ಇನ್ನೊಂದು. ಎರಡರ ನಡುವಿನ ಅಂತರದಲ್ಲಿ ಒಂದು ಪಾಲನ್ನಷ್ಟೇ ಹಳೆಯ ನಿರೀಕ್ಷೆಗೆ ಕೂಡಿಸಬೇಕು ಅಥವಾ ಕಳೆಯಬೇಕು. ನಿರೀಕ್ಷೆ 50 ಇದ್ದು 80 ಬಂತು ಅನ್ನೋಣ. ತಿದ್ದುವ ಪಾಲು 0.2 ಆದರೆ ಹೊಸ ನಿರೀಕ್ಷೆ 56. ಮುಂದಿನ ಸಲ 20 ಬಂದರೆ ಅದು 48.8ಕ್ಕೆ ಇಳಿಯುತ್ತದೆ. ಇದು ಸಮತೂಕದ ಕಲಿಕೆ. ಇನ್ನು ಒಳ್ಳೆಯ ಸುದ್ದಿಗೆ 0.3, ಕೆಟ್ಟ ಸುದ್ದಿಗೆ 0.1 ಪಾಲು ಇಟ್ಟು ನೋಡಿ. 50 ಮೊದಲು 59 ಆಗುತ್ತದೆ, ಆಮೇಲೆ 55.1. ಬಂದ ಫಲ ಎರಡಕ್ಕೂ ಅವೇ, 80 ಮತ್ತು 20. ಒಬ್ಬನ ನಿರೀಕ್ಷೆ ಇಳಿಯಿತು, ಇನ್ನೊಬ್ಬನದು ಏರಿತು.

2017ರಲ್ಲಿ ಲೆಫೆಬ್ರ್, ಪಾಲ್ಮಿಂತೇರಿ ಮತ್ತು ಜೊತೆಗಾರರು ಮನುಷ್ಯರ ಆಯ್ಕೆಗಳನ್ನು ಈ ಸೂತ್ರಕ್ಕೆ ಹೊಂದಿಸಿ ನೋಡಿದಾಗ ಸಿಕ್ಕಿದ್ದು ಎರಡನೆಯ ಬಗೆ: ಒಳ್ಳೆಯ ಸುದ್ದಿಗೆ ದೊಡ್ಡ ಪಾಲು, ಕೆಟ್ಟದ್ದಕ್ಕೆ ಸಣ್ಣದು. ಅದೇ ವರ್ಷದ ಇನ್ನೊಂದು ಕೆಲಸದಲ್ಲಿ ಪಾಲ್ಮಿಂತೇರಿ ತಂಡ ಆರಿಸದೆ ಬಿಟ್ಟದ್ದರ ಫಲವನ್ನೂ ತೋರಿಸಿತು. ಅಲ್ಲಿ ಲೆಕ್ಕ ತಿರುವುಮುರುವು. ಬಿಟ್ಟದ್ದರ ಕೆಟ್ಟ ಫಲಕ್ಕೆ ದೊಡ್ಡ ಪಾಲು, ಒಳ್ಳೆಯ ಫಲಕ್ಕೆ ಸಣ್ಣದು. ಕಾಕಾನ ಮೂರೂ ಉತ್ತರ ಇದರೊಳಗೆ ಸರಿಯಾಗಿ ಕೂರುತ್ತವೆ. ಬೀಜದ ವಿಷಯದಲ್ಲಂತೂ ಬಿಟ್ಟದ್ದರ ಫಲ ಬದುವಿನ ಆಚೆಯೇ ಕಾಣುತ್ತದೆ. ಪ್ರಯೋಗಾಲಯದವರು ಪರದೆಯ ಮೇಲೆ ತೋರಿಸಿದ್ದನ್ನು ನಮ್ಮ ಕಡೆ ಬಾಜೂ ಹೊಲ ತೋರಿಸುತ್ತದೆ.

ಮೆದುಳಿನ ರಚನೆಯಲ್ಲೂ ಇದಕ್ಕೆ ಜಾಗ ಇದೆ. ನಿರೀಕ್ಷೆಗಿಂತ ಹೆಚ್ಚು ಬಂದಾಗ ಡೋಪಮೈನ್ ಎಂಬ ರಾಸಾಯನಿಕವನ್ನು ಬಿಡುವ ನರಕೋಶಗಳು ಜೋರಾಗಿ ಮಿಡಿಯುತ್ತವೆ, ಬರಬೇಕಾದದ್ದು ಬರದಿದ್ದಾಗ ಸುಮ್ಮನಾಗುತ್ತವೆ ಎಂದು ಶುಲ್ಟ್ಸ್, ದಯಾನ್, ಮಾಂಟೆಗ್ಯೂ 1997ರಲ್ಲಿ ಬರೆದರು. ಹೊಸದೇನೂ ನಡೆಯದ ಹೊತ್ತಿನಲ್ಲಿ ಈ ಕೋಶಗಳು ಸೆಕೆಂಡಿಗೆ ಕೆಲವೇ ಸಲ ಮಿಡಿಯುತ್ತವೆ. ಮೇಲಕ್ಕೆ ಏರಲು ಬೇಕಾದಷ್ಟು ಜಾಗ ಇದೆ, ಕೆಳಗೆ ಸೊನ್ನೆಯಿಂದಾಚೆ ಹೋಗಲು ಬರುವುದಿಲ್ಲ. 2004ರಲ್ಲಿ ಮೈಕಲ್ ಫ್ರಾಂಕ್ ಮತ್ತು ಜೊತೆಗಾರರು ಪಾರ್ಕಿನ್ಸನ್ ರೋಗಿಗಳಲ್ಲಿ ಇನ್ನೂ ಸ್ಪಷ್ಟವಾದದ್ದನ್ನು ಕಂಡರು. ಡೋಪಮೈನ್ ಹೆಚ್ಚಿಸುವ ಔಷಧಿ ತೆಗೆದುಕೊಂಡಾಗ ರೋಗಿಗಳು ಗೆಲುವಿನಿಂದ ಚೆನ್ನಾಗಿ ಕಲಿಯುತ್ತಿದ್ದರು, ಔಷಧಿ ಇಲ್ಲದಾಗ ಸೋಲಿನಿಂದ ಚೆನ್ನಾಗಿ ಕಲಿಯುತ್ತಿದ್ದರು. ಅಂದರೆ ಎರಡು ಪಾಲೂ ಬೇರೆ ಬೇರೆಯಾಗಿ ಏರಬಹುದು, ಇಳಿಯಬಹುದು. ಒಂದನ್ನು ಹಿಗ್ಗಿಸಿದರೆ ಇನ್ನೊಂದು ತಾನಾಗಿ ಹಿಗ್ಗಬೇಕೆಂದೇನಿಲ್ಲ.

ಮುಂಡರಗಿಯ ಲೆಕ್ಕ ಬೇರೆ, ಕಾಲುವೆಯ ಲೆಕ್ಕ ಬೇರೆ

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಕೆಲಸ 2013ರಲ್ಲಿ ಕಾಜೆ ಮತ್ತು ವಾನ್ ಡರ್ ಮೀರ್ ಮಾಡಿದ್ದು. ಅದನ್ನು ಕಾಗದ-ಪೆನ್ನಿನಲ್ಲೇ ಮಾಡಿ ನೋಡಬಹುದು. ಗೆಲುವಿಗೆ ಕೊಡುವ ಪಾಲು ಸೋಲಿಗೆ ಕೊಡುವ ಪಾಲಿನ ಮೂರು ಪಟ್ಟು ಇರಲಿ. ಬಹಳ ಸಲ ಅನುಭವಿಸಿದ ಮೇಲೆ ಮನಸ್ಸಿನ ಅಂಕಿ ಎಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ಸರಳ ಲೆಕ್ಕ ಇದೆ. ಗೆದ್ದ ಸಲಗಳನ್ನು ಮೂರರಿಂದ ಗುಣಿಸಿ, ಸೋತ ಸಲಗಳನ್ನು ಹಾಗೇ ಇಟ್ಟು, ಒಟ್ಟಿನಲ್ಲಿ ಗೆಲುವಿನ ಭಾಗ ಎಷ್ಟು ಎಂದು ನೋಡಬೇಕು.

ಉಳ್ಳಾಗಡ್ಡಿಯಂಥ ಬೆಳೆ ತೆಗೆದುಕೊಳ್ಳಿ, ರೇಟು ಹತ್ತುವುದು ಅಪರೂಪ. ಮಾರಲು ಎರಡು ದಾರಿ ಇವೆ. ಒಂದರಲ್ಲಿ ಹತ್ತು ಸಲಕ್ಕೆ ಎರಡು ಸಲ ಲಾಭ, ಇನ್ನೊಂದರಲ್ಲಿ ಒಂದೇ ಸಲ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. ಸಮತೂಕದವನ ಮನಸ್ಸಿನಲ್ಲಿ ಇವು ನೂರಕ್ಕೆ 20 ಮತ್ತು 10 ಆಗಿ ನಿಲ್ಲುತ್ತವೆ, ಅಂತರ 10. ಗೆಲುವಿಗೆ ಮೂರು ಪಟ್ಟು ಪಾಲು ಕೊಡುವ ಆಸೆಯವನಿಗೆ ಮೊದಲನೆಯದು 6 ಭಾಗ ಗೆಲುವು, 8 ಭಾಗ ಸೋಲು, ಅಂದರೆ 43. ಎರಡನೆಯದು 3 ಭಾಗಕ್ಕೆ 9, ಅಂದರೆ 25. ಅಂತರ 18. ಎರಡು ಅಂಕಿಯೂ ಸುಳ್ಳು, ಎರಡೂ ಉಬ್ಬಿದವು. ಆದರೆ ಯಾವುದು ಮೇಲು ಅನ್ನುವುದು ಅವನಿಗೆ ಸುಮಾರು ಎರಡು ಪಟ್ಟು ಸ್ಪಷ್ಟ. ಗೆಲುವು ಕಡಿಮೆ ಇರುವ ಕಡೆ ಒಂದೊಂದು ಗೆಲುವಿನಲ್ಲೂ ಸುದ್ದಿ ಹೆಚ್ಚಿರುತ್ತದೆ. ಸೋಲಿನಲ್ಲಿ ಸುದ್ದಿ ಕಡಿಮೆ, ಯಾಕೆಂದರೆ ಸೋಲು ಎರಡೂ ದಾರಿಯಲ್ಲಿ ತುಂಬಿದೆ. ಸುದ್ದಿ ಇರುವ ಕಡೆ ಕಿವಿ ದೊಡ್ಡದು ಮಾಡಿಕೊಂಡವನು ಬೇಗ ಕಲಿಯುತ್ತಾನೆ.

ಈಗ ನರಗುಂದದ ಕಡೆ, ಮಲಪ್ರಭಾ ಕಾಲುವೆಗೆ ನೀರು ತಪ್ಪದೆ ಬಂದ ವರ್ಷಗಳನ್ನು ಊಹಿಸಿ. ಅಲ್ಲಿ ಹತ್ತರಲ್ಲಿ ಒಂಬತ್ತು ಸಲ ಗೆಲ್ಲುವ ದಾರಿ ಒಂದು, ಎಂಟು ಸಲ ಗೆಲ್ಲುವ ದಾರಿ ಇನ್ನೊಂದು. ಆಸೆಯವನ ಅಂಕಿ 96 ಮತ್ತು 92. ಅಂತರ ಬರೀ 4. ಅವನಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ವ್ಯತ್ಯಾಸ ತಿಳಿಯುವುದಿಲ್ಲ. ಸೋಲಿಗೆ ಮೂರು ಪಟ್ಟು ಪಾಲು ಕೊಡುವ ಅಳುಕಿನ ಮನುಷ್ಯನಿಗೆ ಅವೇ 75 ಮತ್ತು 57 ಆಗುತ್ತವೆ, ಅಂತರ 18. ಸಮೃದ್ಧಿಯಲ್ಲಿ ಸುದ್ದಿ ಇರುವುದು ಸೋಲಿನಲ್ಲಿ.

ಹಾಗಾಗಿ ಮುಂಗಾರು ಹೋದರೂ ಹಿಂಗಾರಿಗೆ ಮತ್ತೆ ಕೂರಿಗೆ ಹೂಡುವವರನ್ನು ತಿಳಿಗೇಡಿಗಳು ಅನ್ನುವ ಮುಂಚೆ ಈ ಲೆಕ್ಕ ನೋಡಬೇಕು. ಮಳೆಯನ್ನೇ ನಂಬಿದ ನಾಡಿನಲ್ಲಿ ಒಳ್ಳೆಯ ಫಲಕ್ಕೆ ಹೆಚ್ಚು ಬೆಲೆ ಕೊಡುವ ಮನಸ್ಸು ಒಳ್ಳೆ ದಾರಿಯನ್ನು ಗುರುತಿಸುವ ಉಪಕರಣ. ಇನ್ನೊಂದು ಉಪಯೋಗವೂ ಇದೆ. ಒಂದು ಕೆಟ್ಟ ಅನುಭವ ಆದಕೂಡಲೆ ದಾರಿ ಬಿಟ್ಟವನಿಗೆ ಆ ಅನುಭವ ಅಪರೂಪದ್ದೋ ಯಾವಾಗಲೂ ಆಗುವುದೋ ಎಂದು ತಿಳಿಯುವುದೇ ಇಲ್ಲ, ಮತ್ತೆ ಆ ಕಡೆ ಹೋದರೆ ತಾನೆ ತಿಳಿಯುವುದು. ಡೆನ್ರೆಲ್ ಮತ್ತು ಮಾರ್ಚ್ 2001ರಲ್ಲಿ ಈ ಬಲೆಯನ್ನು ವಿವರಿಸಿದರು. ಸೋಲಿಗೆ ಸಣ್ಣ ಪಾಲು ಕೊಡುವವನು ಮತ್ತೊಮ್ಮೆ ಹೋಗುತ್ತಾನೆ, ತಪ್ಪು ಅಂದಾಜನ್ನು ತಿದ್ದಿಕೊಳ್ಳುವ ಅವಕಾಶ ಅವನಿಗೆ ಸಿಗುತ್ತದೆ.

ಆಳದ ಗುಂಡಿ, ಮೇಲುಮೇಲಿನ ಗುಂಡಿ

ಕಾಕಾನ ಮೂರನೆಯ ಉತ್ತರವನ್ನು, ಬಾಜೂ ಹೊಲದ ಫಲವನ್ನು ತಳ್ಳಿಹಾಕಿದ್ದನ್ನು, ಸಮರ್ಥಿಸುವುದು ಕಷ್ಟ ಅನಿಸುತ್ತದೆ. ಇಲ್ಲೂ ಲೆಕ್ಕ ಇದೆ. 2022ರಲ್ಲಿ ಲೆಫೆಬ್ರ್, ಸಮರ್‌ಫೀಲ್ಡ್, ಬೊಗಾಚ್ ಅದನ್ನು ವಿಸ್ತಾರವಾಗಿ ಮಾಡಿದ್ದಾರೆ. ಅದರ ತಿರುಳನ್ನು ನನ್ನದೇ ಅಂಕಿಗಳಲ್ಲಿ ಇಡುತ್ತೇನೆ.

ಎರಡು ಬೀಜ. ಒಂದು ಹತ್ತರಲ್ಲಿ ಆರು ಸಲ ಚೆನ್ನಾಗಿ ಬರುತ್ತದೆ, ಇನ್ನೊಂದು ನಾಲ್ಕು ಸಲ. ಸಮತೂಕದವನ ಅಂಕಿ 60 ಮತ್ತು 40, ಅಂತರ 20. ತಾನು ಹಿಡಿದದ್ದರ ಒಳ್ಳೆಯ ಫಲಕ್ಕೂ ಬಿಟ್ಟದ್ದರ ಕೆಟ್ಟ ಫಲಕ್ಕೂ ಮೂರು ಪಟ್ಟು ಪಾಲು ಕೊಡುವ ಒಲವಿನವನು ಒಳ್ಳೆಯ ಬೀಜವನ್ನೇ ಹಿಡಿದಿದ್ದರೆ ಅವನ ಅಂಕಿ 82 ಮತ್ತು 18, ಅಂತರ 64. ಕಳಪೆ ಬೀಜ ಹಿಡಿದಿದ್ದರೆ 67 ಮತ್ತು 33, ಅದೂ ತಲೆಕೆಳಗಾಗಿ: ಕಳಪೆಯದಕ್ಕೆ 67. ಇಲ್ಲೇ ಅಪಾಯ, ತಪ್ಪಿನಲ್ಲಿ ಸಿಕ್ಕಿಬೀಳಬಹುದು. ಆದರೆ ಎರಡು ಗುಂಡಿಗಳ ಆಳ ಒಂದೇ ಅಲ್ಲ. ಸರಿಯಾದ ಗುಂಡಿ 64 ಆಳ, ತಪ್ಪು ಗುಂಡಿ 33.

ಆಳಕ್ಕೆ ಯಾಕೆ ಬೆಲೆ ಅಂದರೆ, ಯಾರೂ ತಮ್ಮ ಮನಸ್ಸಿನ ಅಂಕಿಯನ್ನು ನೋಡಿ ಕರಾರುವಾಕ್ಕಾಗಿ ಆರಿಸುವುದಿಲ್ಲ. ಬೀಜದ ಅಂಗಡಿಯಲ್ಲಿ ಗದ್ದಲ, ಉದ್ರಿ ಕೊಡುವ ಅಂಗಡಿಯಲ್ಲಿ ಬೇಕಾದ ಬೀಜ ಇಲ್ಲ, ಬಸ್ಸಿನಲ್ಲಿ ಯಾರೋ ಏನೋ ಅಂದರು, ಬಿತ್ತನೆಯ ಹದ ಹೋಗುತ್ತಿದೆ. ಇಂಥ ಏರುಪೇರಿನಲ್ಲಿ 20ರ ಅಂತರ ಸುಲಭವಾಗಿ ಮುಳುಗಿಹೋಗುತ್ತದೆ. ಪ್ರಯೋಗಗಳಲ್ಲಿ ಬಳಸುವ ಸಾಮಾನ್ಯ ಸೂತ್ರದಲ್ಲಿ ಗದ್ದಲವನ್ನು ಮಧ್ಯಮ ಮಟ್ಟದಲ್ಲಿಟ್ಟು ಲೆಕ್ಕ ಹಾಕಿದರೆ, ಸಮತೂಕದವನು ನೂರಕ್ಕೆ 27 ಸಲ ಕಳಪೆಯದನ್ನು ಎತ್ತಿಕೊಳ್ಳುತ್ತಾನೆ, ಎಷ್ಟೇ ಕಲಿತರೂ. ಒಲವಿನವನು ಸರಿಯಾದದ್ದರಿಂದ ಜಾರುವುದು ನೂರಕ್ಕೆ 4 ಸಲ, ತಪ್ಪಿನಿಂದ ಹೊರಬೀಳುವುದು 16 ಸಲ. ತಪ್ಪಿನಿಂದ ಹೊರಬರುವ ಬಾಗಿಲು ಸರಿಯಿಂದ ಜಾರುವ ಬಾಗಿಲಿಗಿಂತ ನಾಲ್ಕು ಪಟ್ಟು ಅಗಲ. ಕಾಲ ಕಳೆದಂತೆ ಇಂಥವರಲ್ಲಿ ಹೆಚ್ಚಿನವರು ಸರಿಯಾದ ಕಡೆಯೇ ನೆಲೆ ನಿಲ್ಲುತ್ತಾರೆ. ಗದ್ದಲವೇ ಇಲ್ಲದೆ, ಯಾವಾಗಲೂ ದೊಡ್ಡ ಅಂಕಿಯನ್ನೇ ಆರಿಸುವ ಯಂತ್ರಕ್ಕೆ ಈ ಒಲವಿನಿಂದ ಲಾಭವಿಲ್ಲ. ಲಾಭ ಇರುವುದು ಕೈ ನಡುಗುವ ಮನುಷ್ಯನಿಗೆ.

ಮೇಲು-ಕೀಳಿಗೆ ಮನಸ್ಸು, ಮೊತ್ತಕ್ಕೆ ಕಾಗದ

ಈ ಲೆಕ್ಕವನ್ನು ಮೆಚ್ಚಿಕೊಂಡವರೂ ಒಂದು ಕಡೆ ಎಡವುತ್ತಾರೆ. ಮೇಲಿನ ಉದಾಹರಣೆಯಲ್ಲಿ ಆಸೆಯವನ ಅಂಕಿ 43, ನಿಜ 20. ಎರಡು ದಾರಿಗಳಲ್ಲಿ ಯಾವುದು ಮೇಲು ಅನ್ನುವ ಪ್ರಶ್ನೆಗೆ 43 ಒಳ್ಳೆಯ ಉತ್ತರ ಕೊಡುತ್ತದೆ. ಎಷ್ಟು ಸಾಲ ಮಾಡಬಹುದು ಅನ್ನುವ ಪ್ರಶ್ನೆಗೆ ಅದೇ 43 ಮನೆ ಮುಳುಗಿಸುತ್ತದೆ. ಸಾಲ, ಬಡ್ಡಿ ತೀರಬೇಕಾದದ್ದು ನಿಜದ 20ರಲ್ಲೇ. ಬೋರ್‌ವೆಲ್ ಕೊರೆಸುವುದು, ಟ್ರ್ಯಾಕ್ಟರ್ ಸಾಲ, ಲಾವಣಿಗೆ ಹೆಚ್ಚು ಹೊಲ ಹಿಡಿಯುವುದು, ಇವೆಲ್ಲ ಮೊತ್ತದ ಪ್ರಶ್ನೆಗಳು. ಅಲ್ಲಿ ನೆನಪಿನ ಅಂಕಿಯನ್ನು ಬದಿಗಿಟ್ಟು ಐದಾರು ವರ್ಷದ ಮಾರಾಟದ ಪಟ್ಟಿ, ತೂಕದ ಚೀಟಿ ತೆಗೆದು ಕೂಡಿಸಬೇಕು. ಒಂದೇ ಸೋಲು ಆಟವನ್ನೇ ಮುಗಿಸುವಂತಿದ್ದರೆ ಒಲವಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ, ಯಾಕೆಂದರೆ ಅದರ ಬಲವೆಲ್ಲ "ಮತ್ತೊಮ್ಮೆ" ಅನ್ನುವುದರಲ್ಲಿದೆ.

ಎರಡನೆಯ ಮಿತಿ ಸಲಗಳದ್ದು. ಪ್ರಯೋಗಾಲಯದಲ್ಲಿ ಒಂದು ಗಂಟೆಯೊಳಗೆ ನೂರಾರು ಆಯ್ಕೆ ನಡೆಯುತ್ತವೆ. ಯಾವ ಖಾನಾವಳಿಯಲ್ಲಿ ಊಟ, ಯಾರ ಹತ್ತಿರ ಕಾಯಿಪಲ್ಲೆ ಅನ್ನುವುದು ಹಾಗೆಯೇ ದಿನಾ ನಡೆಯುತ್ತದೆ, ಅಲ್ಲಿ ಮನಸ್ಸನ್ನು ಅದರ ಪಾಡಿಗೆ ಬಿಡಬಹುದು. ಕಡಲೆ ವರ್ಷಕ್ಕೊಂದೇ ಸಲ. ತಪ್ಪು ಗುಂಡಿಯಿಂದ ಹೊರಬರಲು ನೂರಕ್ಕೆ 16 ಅಂದರೆ ಸರಾಸರಿ ಆರು ವರ್ಷ ಕಾದರೆ ಬಾಗಿಲು ಒಂದು ಸಲ ತೆರೆಯುತ್ತದೆ, ಅದೂ ಒಂದೇ ಹಂಗಾಮಿಗೆ. ಇದರ ಜೊತೆಗೆ ಲೋಕವೂ ಬದಲಾಗುತ್ತದೆ. ಅಣ್ಣಿಗೇರಿ ಕಡಲೆ ಬಹಳ ವರ್ಷ ಈ ಸೀಮೆಯನ್ನು ಸಾಕಿದ ತಳಿ. ಹೊಲದಲ್ಲಿ ಗಿಡ ಸೊರಗಿ ಒಣಗುವ ಸಿಡಿರೋಗ ಹೆಚ್ಚಾದ ಮೇಲೆ ಅದನ್ನು ತಡೆದುಕೊಳ್ಳುವ ಜೆಜಿ-11 ಮುಂದೆ ಬಂತು. ಕಾಕಾನ 82 ಹಳೆಯ ಕಾಲದ ಹೊಲದ ಮೇಲೆ ಕಟ್ಟಿದ ಅಂಕಿ. ಹೊಲ ಬದಲಾದದ್ದು ಅವರ ಅಂಕಿಗೆ ತಡವಾಗಿ ಮುಟ್ಟುತ್ತದೆ.

ಬೆಲೆಯ ವಿಷಯದಲ್ಲಿ ಇನ್ನೊಂದು ಒಲವು ಇದೆ, ಅದನ್ನೂ ಇಲ್ಲೇ ಹೇಳಿಬಿಡಬೇಕು. ಮನಸ್ಸು ಅಳೆಯುವುದು ಪೂರಾ ಅಂಕಿಯನ್ನಲ್ಲ, ಮಾರುಕಟ್ಟೆಯಲ್ಲಿ ಆ ಮಾಲಿಗೆ ಆ ಹೊತ್ತಿನ ಮೇಲುದರ-ಕೀಳುದರದ ನಡುವೆ ತನ್ನ ದರ ಎಲ್ಲಿ ಕೂತಿದೆ ಅನ್ನುವುದನ್ನು. ಬವಾರ್ ಮತ್ತು ಜೊತೆಗಾರರು 2018ರಲ್ಲಿ ಇದನ್ನು ಅಳೆದು ತೋರಿಸಿದರು: ಸಣ್ಣ ಮೊತ್ತಗಳ ನಡುವಿನ ವ್ಯತ್ಯಾಸ ಕಲಿಯಲು ಇದರಿಂದ ಅನುಕೂಲ, ಆದರೆ ಒಂದು ಸಂದರ್ಭದಲ್ಲಿ ಕಲಿತದ್ದನ್ನು ಇನ್ನೊಂದರ ಪಕ್ಕ ಇಟ್ಟಾಗ ಆಯ್ಕೆ ಕೆಡುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಕಡ್ಡಿ, ಡಬ್ಬಿ, ಗುಂಟೂರು ಮೆಣಸಿನಕಾಯಿಗಳ ಸಣ್ಣ ಬಣ್ಣಭೇದವನ್ನೂ ಬೆಳೆಗಾರರು ಹಿಡಿಯುವುದು ಈ ಗುಣದಿಂದ. ಗುಂಟೂರಿನ ಮೇಲುದರ ಸಿಕ್ಕವನಿಗೆ ಆಗುವ ಸಂತೋಷ ಡಬ್ಬಿಗೆ ಕೆಳದರ ಸಿಕ್ಕವನಿಗೆ ಇರುವುದಿಲ್ಲ, ಕ್ವಿಂಟಲಿಗೆ ಡಬ್ಬಿಯವನಿಗೇ ಹೆಚ್ಚು ಬಂದಿದ್ದರೂ. ಮುಂದಿನ ವರ್ಷ ಏನು ಹಚ್ಚಬೇಕು ಎಂದು ಆ ಸಂತೋಷವನ್ನು ನಂಬಿ ತೀರ್ಮಾನಿಸಿದರೆ ತಪ್ಪುತ್ತದೆ. ಇದನ್ನು ಎಳೆದು 2024ರ ಮಾರ್ಚ್ 11ರಂದು ದರ ಕುಸಿದಾಗ ಬ್ಯಾಡಗಿಯಲ್ಲಿ ಸಿಡಿದ ರೈತರ ಸಿಟ್ಟಿಗೆ ಹಚ್ಚುವುದು ಮಾತ್ರ ಅನ್ಯಾಯ. ಮನಸ್ಸಿನ ಅಳತೆಗೋಲು ಹೊಸ ದರಕ್ಕೆ ಹೊಂದಿಕೊಂಡೀತು, ಸಾಲದ ಮೊತ್ತ ಹೊಂದಿಕೊಳ್ಳುವುದಿಲ್ಲ.

ಚೀಟಿ ಎತ್ತಿ ಬಿತ್ತುವುದು

ಒಲವನ್ನು ಉಳಿಸಿಕೊಂಡೇ ಅದರ ತಪ್ಪು ಗುಂಡಿಯಿಂದ ತಪ್ಪಿಸಿಕೊಳ್ಳಲು ಒಂದು ಉಪಾಯವನ್ನು 2020ರಲ್ಲಿ ಶಾಂಬೋ ಮತ್ತು ಜೊತೆಗಾರರ ಪ್ರಯೋಗ ಸೂಚಿಸುತ್ತದೆ. ತಾನೇ ಆರಿಸಿದಾಗ ಮನುಷ್ಯ ಒಳ್ಳೆಯ ಫಲಕ್ಕೆ ಹೆಚ್ಚು ಪಾಲು ಕೊಡುತ್ತಾನೆ. ಆಯ್ಕೆಯನ್ನು ಬೇರೆಯವರು ಮಾಡಿಕೊಟ್ಟಾಗ ಎರಡೂ ಪಾಲು ಹೆಚ್ಚುಕಡಿಮೆ ಸಮ ಆಗುತ್ತವೆ. ಅಂದರೆ ಹೊಸ ಬೀಜವನ್ನು ನಿಷ್ಪಕ್ಷವಾಗಿ ನೋಡಬೇಕಾದರೆ ಎಲ್ಲಿ ಯಾವುದನ್ನು ಬಿತ್ತಬೇಕು ಅನ್ನುವುದನ್ನು ನಾವು ಆರಿಸಬಾರದು. ಧಾರವಾಡದ ಕೃಷಿ ಮೇಳದಿಂದ ಹೊಸ ತಳಿಯ ಚೀಲ ತಂದವರು ಸಾಮಾನ್ಯವಾಗಿ ಅದನ್ನು ಬದುವಿನ ಪಕ್ಕ ಒಂದು ಮೂಲೆಯಲ್ಲಿ ಬಿತ್ತುತ್ತಾರೆ. ಬದುವಿನ ಪಕ್ಕ ಹಸಿ ಹೆಚ್ಚು, ಮೂಲೆಯಲ್ಲಿ ದನ ಮೇಯುತ್ತವೆ. ಬಂದರೂ ಬರದಿದ್ದರೂ ಕಾರಣ ಹೇಳಲು ಅನುಕೂಲ, ಕಲಿಯಲು ಏನೂ ಇಲ್ಲ.

ಇದಕ್ಕಿಂತ ಒಳ್ಳೆಯದು ಹೊಲದ ನಡುವೆ ಎಂಟು ಪಟ್ಟೆ. ನಾಲ್ಕು ತಾಳಿನ ಕೂರಿಗೆಯಾದರೆ ಹೋಗಿಬರುವ ಎರಡು ಸುತ್ತಿಗೆ ಎಂಟು ಸಾಲು ಬೀಳುತ್ತವೆ, ಅದು ಒಂದು ಪಟ್ಟೆ. ಪಕ್ಕಪಕ್ಕದ ಎರಡೆರಡು ಪಟ್ಟೆ ಸೇರಿ ನಾಲ್ಕು ಜೋಡಿ. ಪ್ರತಿ ಜೋಡಿಗೂ ಮನೆಯ ಮಕ್ಕಳಿಂದ ಚೀಟಿ ಎತ್ತಿಸಿ, ಎಡಕ್ಕೆ ಹಳೆಯದೋ ಹೊಸದೋ ಎಂದು ತೀರ್ಮಾನಿಸಬೇಕು. ಒಂದೇ ದಿನ, ಒಂದೇ ಹದದಲ್ಲಿ ಬಿತ್ತನೆ, ಎಕರೆಗೆ 20ರಿಂದ 25 ಕಿಲೋ ಬೀಜದ ಲೆಕ್ಕದಲ್ಲಿ, ಕಾಳು ದಪ್ಪ ಇದ್ದಷ್ಟೂ ಹೆಚ್ಚಿನ ಕಡೆಗೆ. ಎಡೆ ಹೊಡೆಯುವುದು, ಕಾಯಿಕೊರಕಕ್ಕೆ ಔಷಧಿ ಹೊಡೆಯುವುದು ಎರಡಕ್ಕೂ ಒಂದೇ ದಿನ. ಹೊಸದಕ್ಕೆಂದು ಒಂದು ಕೈ ಗೊಬ್ಬರ ಹೆಚ್ಚು ಹಾಕಿದರೆ ಆಟ ಕೆಟ್ಟಿತು. ಕೊಯ್ಯುವಾಗ ಪಟ್ಟೆಯ ಅಂಚಿನ ಎರಡೆರಡು ಸಾಲು ಬಿಟ್ಟು ನಡುವಿನ ನಾಲ್ಕನ್ನು ಮಾತ್ರ ತೂಗಬೇಕು, ಅಂಚಿನ ಗಿಡ ಪಕ್ಕದವುಗಳ ಜೊತೆ ಬೆರೆತಿರುತ್ತದೆ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಉದ್ದ 100 ಮೀಟರ್ ಆದರೆ ನಾಲ್ಕು ಸಾಲಿನ ಜಾಗ 120 ಚದರ ಮೀಟರ್. ಬಂದ ತೂಕವನ್ನು 33.7ರಿಂದ ಗುಣಿಸಿದರೆ ಎಕರೆ ಲೆಕ್ಕ. 20 ಕಿಲೋ ಬಂದಿದ್ದರೆ ಎಕರೆಗೆ 6.7 ಕ್ವಿಂಟಲ್.

ನಾಲ್ಕೂ ಜೋಡಿಯಲ್ಲಿ ಹೊಸದೇ ಮುಂದಿದ್ದರೂ ಒಂದು ವರ್ಷಕ್ಕೆ ಹೊಲ ಪೂರಾ ಬದಲಿಸಬೇಕಾಗಿಲ್ಲ. ಎರಡೂ ಬೀಜ ಸಮವಾಗಿದ್ದರೂ ನಾಲ್ಕಕ್ಕೆ ನಾಲ್ಕೂ ಹೊಸದರ ಕಡೆ ಬೀಳುವುದು ಹದಿನಾರು ಸಲಕ್ಕೆ ಒಂದು ಸಲ ಬರೀ ಅದೃಷ್ಟದಿಂದ ಆಗುತ್ತದೆ, ಹಾಗೆಯೇ ಹೊಸದಕ್ಕೆ ವಿರುದ್ಧವಾಗಿಯೂ. ಇನ್ನೊಂದು ಹಿಂಗಾರಿಗೆ ಅದೇ ಪಟ್ಟೆ, ಮತ್ತೆ ಹೊಸದಾಗಿ ಚೀಟಿ. ಒಂದು ವರ್ಷ ಮಳೆ ಕಡಿಮೆ, ಇನ್ನೊಂದು ವರ್ಷ ಹೆಚ್ಚು ಆದರೆ ಇನ್ನೂ ಒಳ್ಳೆಯದು. ತೂಗುವ ಕೆಲಸವನ್ನು ಯಾವ ಪಟ್ಟೆ ಯಾವುದು ಎಂದು ಗೊತ್ತಿಲ್ಲದವರ ಕೈಗೆ ಕೊಡಬೇಕು, ಚೀಲದ ಮೇಲೆ ಬರೀ 1ರಿಂದ 8ರವರೆಗೆ ಅಂಕಿ ಬರೆದು. ಬಾಜೂ ಹೊಲದ ಹುಡುಗನೇ ತೂಗಲಿ.